ಕರಿ ಸಿಪ್ಪೆಯ ಹರಳುಗಳು

ಹರಳುಪೇಟೆಯಲ್ಲಿ ಅವಳ ನಿಜವಾದ ಹೆಸರು ಕಟ್ಟಿಕೊಂಡು ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಕಲ್ಲನ್ನು ತೆಳ್ಳಗೆ ಬಿಲ್ಲೆಬಿಲ್ಲೆಯಾಗಿ ಕೊಯ್ಯುವವಳು, ಆದ್ದರಿಂದ ಬಿಲ್ಲೆಯಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಮೊದಮೊದಲು ಮುಖ ಊದಿಸಿಕೊಳ್ಳುತ್ತಿದ್ದಳು. ಆಮೇಲೆ ಬೇಸತ್ತು ಅಂಗಡಿಯ ಫಲಕದ ಮೇಲೂ ಅದನ್ನೇ ಬರೆಸಿದಳು.

ಅವಳ ಕಸುಬು ಏನೆಂದು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಹರಳು ಬೆಳೆಯುವುದು ಬಂಡೆಯೊಳಗಿನ ಪೊಳ್ಳಿನಲ್ಲಿ. ಅಗೆಯುವವರು ಆ ಪೊಳ್ಳಿಗೆ ಗೂಡು ಎನ್ನುತ್ತಾರೆ. ಸುತ್ತಲಿನ ಬಂಡೆ ಏನು ಬಡಿಸುತ್ತದೋ ಅದನ್ನೇ ಹರಳು ತಿನ್ನಬೇಕು, ಬೇರೆ ಗತಿಯಿಲ್ಲ. ಬಂಡೆಯಲ್ಲಿ ಮ್ಯಾಂಗನೀಸ್ ಇದ್ದರೆ ಬಣ್ಣ ಗುಲಾಬಿ. ಅದು ಮುಗಿದು ಕಬ್ಬಿಣ ಬಂದರೆ ಹಸಿರು. ಕಬ್ಬಿಣ ವಿಪರೀತವಾದರೆ ಕಡುನೀಲಿ. ತಿಂದದ್ದೆಲ್ಲ ಪದರಪದರವಾಗಿ ಮೈಗೆ ಹತ್ತುತ್ತದೆ; ನಡುವಿನದು ಹಳೆಯದು, ಅಂಚಿನದು ಹೊಸದು. ಹರಳನ್ನು ಅಡ್ಡಕ್ಕೆ ಕೊಯ್ದು ಬೆಳಕಿಗೆ ಹಿಡಿದರೆ ಅದು ಯಾವ ಬಂಡೆಯ ಹೊಟ್ಟೆಯಲ್ಲಿತ್ತು, ಮೊದಲು ಏನು ತಿಂದಿತು, ಕೊನೆಗೆ ಏನು ತಿಂದಿತು, ಎಲ್ಲ ಕಾಣುತ್ತದೆ. ಮನುಷ್ಯರಿಗೂ ಇಂಥದೊಂದು ಏರ್ಪಾಡು ಇದ್ದಿದ್ದರೆ ಎಷ್ಟೋ ಮದುವೆಗಳು ನಡೆಯುತ್ತಲೇ ಇರಲಿಲ್ಲ.

ಹರಳನ್ನು ಮಾರಬೇಕಾದರೆ ಅದು ಯಾವ ಗುಡ್ಡದ್ದು ಎಂಬ ಚೀಟಿ ಬೇಕು. ಆ ಚೀಟಿ ಬರೆಯುವುದು ಬಿಲ್ಲೆಯಕ್ಕನ ಕೆಲಸ. ಇನ್ನೊಂದು ಕೆಲಸವೂ ಇತ್ತು, ಅದಕ್ಕೆ ಚೀಟಿಯಿಲ್ಲ. ಅಗೆಯುವವರು ತಾವು ಎಲ್ಲಿ ಅಗೆಯುತ್ತೇವೆಂದು ಹೆಂಡತಿಗೂ ಬಾಯಿ ಬಿಡುವುದಿಲ್ಲ. ಬದಲಿಗೆ ಹೊಸ ಗೂಡಿನಿಂದ ಮೊದಲು ಮುರಿದ ಹರಳನ್ನು ತಂದು ಅವಳ ಪೆಟ್ಟಿಗೆಯಲ್ಲಿ ಇಟ್ಟು ಹೋಗುತ್ತಾರೆ. ಅದು ಸಾಕ್ಷಿಕಲ್ಲು. ಹೋದವನು ಎರಡನೆಯ ದಿನ ಸಂಜೆಯೊಳಗೆ ಬಾರದಿದ್ದರೆ ಅವಳು ಅದನ್ನು ಕೊಯ್ದು ಗುಡ್ಡ ಯಾವುದೆಂದು ಹೇಳಬೇಕು, ಊರಿನವರು ಹಾರೆ ಹಿಡಿದು ಅಲ್ಲಿಗೆ ಓಡಬೇಕು. ಹೀಗೆ ಮೂರು ಜನ ಜೀವಂತವಾಗಿ ಮನೆಗೆ ಬಂದಿದ್ದರು.

ನಾಲ್ಕನೆಯವನು ಅವಳ ಸ್ವಂತ ಅಣ್ಣ. ಅವನು ಬರಲಿಲ್ಲ.

ಅದಾಗಿ ಏಳು ವರ್ಷ. ಅಣ್ಣ ತಂದಿಟ್ಟಿದ್ದ ಸಾಕ್ಷಿಕಲ್ಲು ಹೆಬ್ಬೆರಳಿಗಿಂತ ದಪ್ಪ, ಗೇಣುದ್ದ. ಅಂಥ ಹರಳು ಪೇಟೆಗೆ ಬಂದೇ ಎಷ್ಟೋ ಕಾಲವಾಗಿತ್ತು. ಇಡುವಾಗ ಅಣ್ಣ ಅದನ್ನು ಮಗುವಿನ ಮೈ ಸವರಿದ ಹಾಗೆ ಸವರಿ, ಇದರ ಮೇಲೆ ಗೀರು ಬಿದ್ದರೆ ನಿನ್ನ ಕೈ ಮುರಿಯುತ್ತೇನೆ ಎಂದು ನಕ್ಕಿದ್ದ. ಎರಡನೆಯ ದಿನ ಸಂಜೆ ಅವಳು ಗರಗಸದ ಮುಂದೆ ಕೂತಾಗ ಆ ಮಾತು ಕಿವಿಯಲ್ಲಿತ್ತು. ಸಾಕ್ಷಿಕಲ್ಲನ್ನು ಬುಡದಲ್ಲಿ ಕೊಯ್ಯಬೇಕು. ಬುಡದಲ್ಲಿ ಮಾತ್ರ ಮೊದಲಿನಿಂದ ಕೊನೆಯವರೆಗಿನ ಎಲ್ಲ ಪದರಗಳೂ ಇರುತ್ತವೆ. ಆದರೆ ಬುಡದಲ್ಲಿ ಕೊಯ್ದರೆ ಕಲ್ಲು ಹಾಳು. ಅಣ್ಣ ಹೇಗಿದ್ದರೂ ಬಂದೇ ಬರುತ್ತಾನೆ, ಬಂದು ಬೈಯುತ್ತಾನೆ ಎಂದುಕೊಂಡು ಅವಳು ತುದಿಯಲ್ಲಿ ಒಂದೇ ಒಂದು ತೆಳುಬಿಲ್ಲೆ ತೆಗೆದಳು. ನಡುವೆ ಗುಲಾಬಿ, ಸುತ್ತ ಹಸಿರು. ಅದು ದೊಡ್ಡಗುಡ್ಡದ ಗುರುತು. ದೊಡ್ಡಗುಡ್ಡ ಎಂದಳು.

ಊರಿಗೂರೇ ದೊಡ್ಡಗುಡ್ಡ ಅಗೆಯಿತು. ಅಲ್ಲಿ ಹಳೆಯದೊಂದು ಸುರಂಗದ ಬಾಯಿ ಕುಸಿದು ಮುಚ್ಚಿಹೋಗಿತ್ತು. ಅಣ್ಣ ಹೋದ ಎಂಟನೆಯ ದಿನ ಸಂಜೆ ಹಿರಿಯರು ಹಾರೆ ಕೆಳಗಿಟ್ಟರು. ಆ ಬಂಡೆಯ ಅಡಿ ಸಿಕ್ಕವನಿಗೆ ನೋವೂ ತಿಳಿದಿರುವುದಿಲ್ಲ, ಒಂದೇ ಏಟಿಗೆ ಮುಗಿದಿರುತ್ತದೆ ಎಂದರು. ಆ ಸುದ್ದಿಯನ್ನು ಅತ್ತಿಗೆಗೆ ಹೇಳಿದವಳು ಬಿಲ್ಲೆಯಕ್ಕನೇ. ಅತ್ತಿಗೆ ಅಳಲಿಲ್ಲ. ಒಂದೇ ಏಟಿಗಂತೆ, ಒಂದೇ ಏಟಿಗಂತೆ ಎಂದು ಎರಡು ಸಲ ಅಂದುಕೊಂಡಳು. ಅಂದಿನಿಂದ ಆ ಎರಡು ಪದ ಹಿಡಿದುಕೊಂಡೇ ಅವಳು ಬದುಕುತ್ತಿದ್ದಳು. ಯಾರಾದರೂ ಕನಿಕರ ತೋರಿಸಲು ಬಂದರೆ, ಅವರಿಗೇ ಸಮಾಧಾನ ಹೇಳುವ ದನಿಯಲ್ಲಿ, ನೋವಾಗಲಿಲ್ಲವಂತೆ ಎನ್ನುತ್ತಿದ್ದಳು. ಅಣ್ಣನ ಕಲ್ಲು ಮಾತ್ರ ಬಿಲ್ಲೆಯಕ್ಕನ ಪೆಟ್ಟಿಗೆಯಲ್ಲೇ ಉಳಿಯಿತು. ಅದನ್ನು ಮತ್ತೆ ಕೊಯ್ಯಲು ಅವಳಿಗೆ ಕೈ ಬರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ತಕ್ಕಡಿ ಬಂದ. ತಕ್ಕಡಿ ಎಂದರೆ ಹರಳಿನ ದಲ್ಲಾಳಿ. ಒಂದು ಹೆಗಲು ಮೇಲೆ, ಒಂದು ಹೆಗಲು ಕೆಳಗೆ ಇದ್ದದ್ದರಿಂದ ಆ ಹೆಸರು. ಬಟ್ಟೆಯ ಗಂಟು ಬಿಚ್ಚಿ ಆರು ಹರಳುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಆರಕ್ಕೂ ಒಂದು ಬದಿಯಲ್ಲಿ ಮಾತ್ರ ತೆಳ್ಳನೆಯ ಕರಿ ಸಿಪ್ಪೆ. ಇನ್ನೊಂದು ಬದಿ ಎಳೆ ಹಸಿರು.

ಸಿಪ್ಪೆಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ, ಉಜ್ಜಿ ತೆಗೆಸಿಬಿಡುತ್ತೇನೆ, ದೊಡ್ಡಗುಡ್ಡ ಅಂತ ಚೀಟಿ ಬರೆದುಕೊಡು ಸಾಕು ಎಂದ ತಕ್ಕಡಿ. ಗೂಡು ಎಲ್ಲಿ ಎಂದು ಕೇಳಿದರೆ ಹಲ್ಲು ಕಿರಿದ. ಗೂಡಿನ ಒಂದು ಮೂಲೆಯಲ್ಲಿ ಬಂಡೆ ಬಿದ್ದಿದೆ, ಅದರ ಕಡೆ ಮುಖ ಮಾಡಿದ ಹರಳುಗಳಿಗೆ ಮಾತ್ರ ಈ ಕಪ್ಪು, ಅಗೆದ ಹುಡುಗರು ಆ ಮೂಲೆಗೆ ಹೋಗಲು ಒಪ್ಪುತ್ತಿಲ್ಲ ಎಂದಷ್ಟೇ ಹೇಳಿದ. ಯಾಕಂತೆ ಎಂದಳು. ಕಾರಣ ಏನೂ ಇಲ್ಲವಂತೆ, ಸುಮ್ಮನೆ ಆಗುವುದಿಲ್ಲವಂತೆ. ಈಗಿನ ಕಾಲದ ಹುಡುಗರೇ ಹೀಗೆ ಎಂದು ತಕ್ಕಡಿ ಮೂಗು ಮುರಿದು, ಮಧ್ಯಾಹ್ನ ಬರುತ್ತೇನೆಂದು ಹೊರಟ.

ಬಿಲ್ಲೆಯಕ್ಕ ದೊಡ್ಡದೊಂದನ್ನು ಆರಿಸಿ ಬುಡವನ್ನು ಗರಗಸಕ್ಕೆ ಹಿಡಿದಳು. ಕಲ್ಲು ಕೊಯ್ಯುವಾಗ ಕಿವಿ ಕೊರೆಯುವ ಸದ್ದು ಬರುತ್ತದೆ. ಮೂವತ್ತು ವರ್ಷದಿಂದ ಕೇಳಿ ಅವಳಿಗೆ ಅದು ಕೇಳಿಸುವುದೇ ನಿಂತಿತ್ತು. ಆದರೆ ಅಲಗು ಹಸಿರು ದಾಟಿ ಕರಿ ಸಿಪ್ಪೆಗೆ ಬಂದಾಗ ಸದ್ದು ತಟ್ಟನೆ ಅಡಗಿತು. ಗರಗಸ ತಿರುಗುತ್ತಲೇ ಇತ್ತು, ಕಲ್ಲು ಕೊಯ್ಯುತ್ತಲೇ ಇತ್ತು, ಸದ್ದು ಮಾತ್ರ ಇರಲಿಲ್ಲ. ಅಲಗಿನ ಕೆಳಗೆ ಹರಿಯುವ ನೀರಿನಿಂದ ಒಂದು ವಾಸನೆ ಎದ್ದಿತು. ಕೆಲಸದಿಂದ ಬಂದವನು ಬಿಚ್ಚಿ ಮೂಲೆಗೆಸೆದ ಅಂಗಿಯ ವಾಸನೆ, ಜೊತೆಗೆ ಅಗೆಯುವವರು ಸುರಂಗಕ್ಕೆ ಒಯ್ಯುವ ಕಾರ್ಬೈಡ್ ದೀಪದ್ದು. ಚಿಕ್ಕಂದಿನಲ್ಲಿ ಅವಳು ದಿನವೂ ಒಗೆದು ಹಾಕುತ್ತಿದ್ದ ಅಣ್ಣನ ಅಂಗಿ ಅದು. ಅವಳು ಗರಗಸ ನಿಲ್ಲಿಸಿ, ಕಿಟಕಿ ತೆರೆದು, ಒಂದು ಲೋಟ ನೀರು ಕುಡಿದಳು. ವಯಸ್ಸಾಯಿತು ಎಂದು ತನ್ನನ್ನೇ ಗದರಿಕೊಂಡು ವಾಪಸ್ಸು ಬಂದಳು.

ಬಿಲ್ಲೆಯನ್ನು ಬೆಳಕಿನ ಗಾಜಿನ ಮೇಲಿಟ್ಟಳು. ನಟ್ಟನಡುವೆ ಕಡುನೀಲಿ, ಅದರ ಸುತ್ತ ಗುಲಾಬಿ, ಅದರ ಸುತ್ತ ಹಸಿರು. ಗುಲಾಬಿಯೊಳಗೆ ಕೂದಲೆಳೆಯಷ್ಟು ಸಣ್ಣದೊಂದು ಬಿಳಿಗೆರೆ. ಕಡುನೀಲಿಯಿಂದ ಶುರುವಾಗುವ ಹರಳು ದೊಡ್ಡಗುಡ್ಡದಲ್ಲಿ ಹುಟ್ಟುವುದಿಲ್ಲ. ಅದು ಬೋಳುಗುಡ್ಡದ್ದು. ಬರಿದಾಯಿತೆಂದು ಎಲ್ಲರೂ ಎಂದೋ ಕೈಬಿಟ್ಟಿದ್ದ ಗುಡ್ಡ. ತಕ್ಕಡಿ ತಲೆಯ ಮೇಲೆ ಹೊಡೆದಂತೆ ಸುಳ್ಳು ಹೇಳಿದ್ದಾನೆ ಎಂದುಕೊಂಡು ಅವಳು ನಗಲು ಹೊರಟಳು. ನಗು ಅರ್ಧಕ್ಕೇ ನಿಂತಿತು. ಆ ಬಿಳಿಗೆರೆಯನ್ನು ಅವಳು ಮೊದಲೇ ನೋಡಿದ್ದಳು.

ಪೆಟ್ಟಿಗೆಯಿಂದ ಅಣ್ಣನ ಕಲ್ಲು ತೆಗೆದಳು. ಏಳು ವರ್ಷದ ಹಿಂದಿನ ತೆಳುಬಿಲ್ಲೆಯಲ್ಲಿ, ಗುಲಾಬಿಯೊಳಗೆ, ಅದೇ ಜಾಗದಲ್ಲಿ ಅದೇ ಗೆರೆ. ಒಂದೇ ಗೂಡಿನ ಹರಳುಗಳಿಗೆ ಮಾತ್ರ ಹೀಗೆ ಒಂದೇ ಗೆರೆ ಬೀಳುತ್ತದೆ. ಆರು ಹರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಂದರ ಪಕ್ಕೆಯಲ್ಲಿ ಜೋಡಿಹರಳೊಂದನ್ನು ಕಿತ್ತ ಗಾಯವಿತ್ತು. ಅಣ್ಣನ ಕಲ್ಲನ್ನು ಅಲ್ಲಿಗೆ ಒತ್ತಿದಳು. ಕೂತುಕೊಂಡಿತು. ಆದರೆ ಪೂರ್ತಿ ಕೂರಲಿಲ್ಲ, ಒಂದು ಉಗುರಿನಷ್ಟು ಎದ್ದುಕೊಂಡಿತು. ಯಾಕೆಂದರೆ ಆ ಗಾಯದ ಮೇಲೂ ಕರಿ ಸಿಪ್ಪೆ ಬೆಳೆದಿತ್ತು.

ಅಣ್ಣ ಕಿತ್ತ ಮೇಲೆ ಬೆಳೆದದ್ದು.

ಈಗ ಅವಳು ಕೈ ಹಿಂದೆಗೆಯಲಿಲ್ಲ. ಅಣ್ಣನ ಕಲ್ಲಿನ ಬುಡವನ್ನು ಗರಗಸಕ್ಕೆ ಕೊಟ್ಟಳು. ಬಿಲ್ಲೆ ಕಳಚಿ ಬಿತ್ತು. ನಟ್ಟನಡುವೆ ಕಡುನೀಲಿ. ಏಳು ವರ್ಷದ ಹಿಂದೆ ಐದು ನಿಮಿಷದಲ್ಲಿ ನೋಡಬಹುದಾಗಿದ್ದ ಬಣ್ಣ ಅದು. ತುದಿಯವರೆಗೆ ಅದು ಏರಿರಲಿಲ್ಲ, ಅಷ್ಟೇ. ಕಲ್ಲು ಉಳಿಸಲು ಹೋಗಿ ಅವಳು ಇಡೀ ಊರನ್ನು ಬೇರೆ ಗುಡ್ಡಕ್ಕೆ ಅಟ್ಟಿದ್ದಳು. ಸ್ಟೂಲಿನ ಮೇಲೆ ಕುಸಿದು ಕೂತು, ಆದರೂ ಒಂದೇ ಏಟಿಗೆ ಅಲ್ಲವೇ, ಯಾವ ಗುಡ್ಡವಾದರೇನು, ಒಂದೇ ಏಟಿಗೆ ಅಲ್ಲವೇ ಎಂದು ಅತ್ತಿಗೆಯ ಮಾತನ್ನೇ ಹೇಳಿಕೊಂಡಳು.

ಆಮೇಲೆ ಕರಿ ಸಿಪ್ಪೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬರಿಗಣ್ಣಿಗೆ ಒಂದೇ ಕಪ್ಪು, ದೊಡ್ಡದಾಗಿ ಕಂಡಾಗ ಗೆರೆಗಳು. ಒಂದು ಕಪ್ಪು, ಒಂದು ತಿಳಿ, ಒಂದು ಕಪ್ಪು, ಒಂದು ತಿಳಿ. ಎಣಿಸಿದಳು. ಒಂಬತ್ತು ಕಪ್ಪು ಗೆರೆ. ಒಂದಕ್ಕಿಂತ ಒಂದು ತೆಳು. ಒಂಬತ್ತನೆಯದು ಇದೆಯೋ ಇಲ್ಲವೋ ಎನ್ನುವಷ್ಟು. ಅದರಾಚೆ ಬರೀ ನೀರಿನಂಥ ತಿಳಿ. ಉಳಿದ ಐದನ್ನೂ ಕೊಯ್ದು ನೋಡಿದಳು. ಅವುಗಳಲ್ಲೂ ಒಂಬತ್ತು.

ಮಹಡಿಯ ಮೇಲೆ ಪರೀಕ್ಷೆಯ ಯಂತ್ರವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಮೇಷ್ಟ್ರು, ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮನುಷ್ಯ. ಕಲ್ಲಿನ ಒಂದು ಚುಕ್ಕೆಗೆ ಗುರಿ ಹಿಡಿದರೆ ಅಲ್ಲಿ ಏನೇನಿದೆಯೆಂದು ಆ ಯಂತ್ರ ಹೇಳುತ್ತಿತ್ತು. ಹೇಳದಿದ್ದರೆ ಮೇಷ್ಟ್ರು ಅದರ ಬೆನ್ನಿಗೆ ಒಂದು ಗುದ್ದು ಕೊಡುತ್ತಿದ್ದರು. ಬಿಲ್ಲೆಯಕ್ಕ ಯಾವುದನ್ನೂ ವಿವರಿಸದೆ ಒಂದೊಂದೇ ಕಪ್ಪು ಗೆರೆಯನ್ನು ಓದಿಸಿ ಎಂದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಓದಿದರು. ಮೊದಲ ಮೂರು ಗೆರೆಯಲ್ಲಿ ಸುಣ್ಣದ ಅಂಶ ಇದೆ, ನಾಲ್ಕನೆಯದರಿಂದ ಇಲ್ಲ ಎಂದರು. ಕಾರ್ಬೈಡ್ ದೀಪ ಉರಿದ ಮೇಲೆ ಉಳಿಯುವುದು ಸುಣ್ಣದ ಗಸಿಯೇ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮತ್ತೆ ಒಂಬತ್ತರಲ್ಲೂ ಏನಿದೆ ಎಂದು ಕೇಳಿದಳು.

“ಉಪ್ಪು,” ಎಂದರು ಮೇಷ್ಟ್ರು. “ಉಪ್ಪು, ಒಂಚೂರು ಗಂಧಕ. ಬೆವರು ಒಣಗಿದ್ರೆ ಬರುತ್ತಲ್ಲ, ಹಾಗೆ. ಬಂಡೆಯಿಂದ ಬರೋ ಉಪ್ಪಲ್ಲ ಇದು. ಯಂತ್ರ ಕೆಟ್ಟಿರ್ಬೇಕು, ತಾಯಿ.”

ಬಂಡೆಯ ಗೂಡು ಎಂದೋ, ಮನುಷ್ಯರು ಹುಟ್ಟುವ ಮೊದಲೇ ತಣ್ಣಗಾಗಿದೆ, ಅದರಲ್ಲಿ ಇನ್ನು ಹರಳು ಬೆಳೆಯುವ ಮಾತೇ ಇಲ್ಲ ಎಂದು ಅವರು ಸೇರಿಸಿದರು. ಯಂತ್ರಕ್ಕೆ ಗುದ್ದಿ ಮತ್ತೊಮ್ಮೆ ಓದಿದರು. ಉಪ್ಪೇ ಬಂತು. ಮೂರನೆಯ ಸಲ ಗುದ್ದಲು ಎತ್ತಿದ ಕೈಯನ್ನು ಅವರು ಯಾಕೋ ಹಾಗೇ ಇಳಿಸಿದರು. ಇವಳ ಮುಖ ನೋಡಿ, ನೀರು ಬೇಕಾ ಎಂದರು.

ಅವಳು ಮೆಟ್ಟಿಲಿಳಿಯುತ್ತ ಲೆಕ್ಕ ಹಾಕಿದಳು, ಹಾಕಬಾರದೆಂದುಕೊಂಡರೂ ಹಾಕಿದಳು. ಮೂರು ದಿನ ದೀಪ. ಆಮೇಲೆ ಕತ್ತಲೆ. ಹಗಲು ಎದ್ದು ಕೈಕಾಲು ಆಡಿಸಿ ಬೆವರುವುದು, ಒಂದು ಗೆರೆ. ಸುಸ್ತಾಗಿ ಮಲಗುವುದು, ಒಂದು ತಿಳಿ. ಒಂಬತ್ತು ದಿನ. ದೊಡ್ಡಗುಡ್ಡದಲ್ಲಿ ಹಾರೆ ಕೆಳಗಿಟ್ಟ ಸಂಜೆ ಅವನು ಇನ್ನೂ ಇದ್ದ. ಬಂಡೆ ಏನು ಬಡಿಸುತ್ತದೋ ಹರಳು ಅದನ್ನೇ ತಿನ್ನುತ್ತದೆ. ಬಂಡೆಯ ಬಳಿ ಆಗ ಬಡಿಸಲು ಇದ್ದದ್ದು ಅವಳ ಅಣ್ಣ.

ಮಧ್ಯಾಹ್ನ ತಕ್ಕಡಿ ಬಂದಾಗ ಚೀಟಿ ಸಿದ್ಧವಾಗಿತ್ತು. ಬೋಳುಗುಡ್ಡ ಎಂದು ಓದಿ ಅವನ ಮೇಲಿನ ಹೆಗಲೂ ಕೆಳಗಿಳಿಯಿತು. ಬೋಳುಗುಡ್ಡಕ್ಕೆ ಪರವಾನಗಿ ಇಲ್ಲ, ಗಣಿ ಕಚೇರಿಯವರು ಬಂದು ಗೂಡು ಪೂರ್ತಿ ಬಗೆದು ನೋಡುತ್ತಾರೆ, ನನ್ನ ಹೊಟ್ಟೆಯ ಮೇಲೆ ಹೊಡೆಯಬೇಡ ಎಂದು ಗೋಗರೆದ. ದೊಡ್ಡಗುಡ್ಡ ಎಂದು ಒಂದು ಪದ ಬರೆದರೆ ಯಾರಿಗೆ ಏನು ನಷ್ಟ ಎಂದ. ನಷ್ಟ ಯಾರಿಗೂ ಇರಲಿಲ್ಲ, ಅದೇ ಅವಳನ್ನು ಕಾಡಿದ್ದು. ಆ ಒಂದು ಪದ ಬರೆದುಬಿಟ್ಟರೆ ಕರಿ ಸಿಪ್ಪೆ ಸಾಣೆಯಲ್ಲಿ ಪುಡಿಯಾಗಿ ನೀರಿನಲ್ಲಿ ಹರಿದುಹೋಗುತ್ತದೆ, ಅತ್ತಿಗೆಯ ಒಂದೇ ಏಟು ಹಾಗೇ ಉಳಿಯುತ್ತದೆ, ಅವಳ ತಪ್ಪು ಬೋಳುಗುಡ್ಡದೊಳಗೇ ಇರುತ್ತದೆ. ಚೀಟಿ ಬರೆಯುವ ಮೊದಲು ಅವಳು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದಳು ಎಂದು ಒಪ್ಪಿಕೊಳ್ಳಬೇಕು. ಅವಳೇನು ದೇವತೆಯಲ್ಲ.

“ಕಚೇರಿಗೆ ಆಗ್ಲೇ ಕಳ್ಸಿದೀನಿ,” ಎಂದಳು. “ಆ ಬಿದ್ದ ಬಂಡೆ ಹಿಂದೆ ನಮ್ಮಣ್ಣ ಇದಾನೆ.”

ತಕ್ಕಡಿ ಚಪ್ಪಲಿ ಮೆಟ್ಟಿಕೊಂಡು ಹೊರಟ. ಹರಳುಗಳನ್ನು ಮುಟ್ಟಲಿಲ್ಲ.

ಅತ್ತಿಗೆಗೆ ಕಚೇರಿಯವರ ಬಾಯಿಂದ ತಿಳಿಯುವುದು ಬೇಡವೆಂದು ಬಿಲ್ಲೆಯಕ್ಕ ಅಂದೇ ಹೊರಟಳು. ದಾರಿಯುದ್ದಕ್ಕೂ ಒಂದು ನಿರ್ಧಾರ ಗಟ್ಟಿ ಮಾಡಿಕೊಂಡಳು: ಗುಡ್ಡ ತಪ್ಪಿ ಹೇಳಿದ್ದನ್ನು ಹೇಳಿಬಿಡುವುದು, ಒಂಬತ್ತನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು. ತನ್ನನ್ನು ಬೈಯಲಿ, ಮುಖದ ಮೇಲೆ ಬಾಗಿಲು ಹಾಕಲಿ, ಆದರೆ ಆ ಒಂದೇ ಏಟನ್ನು ಕಿತ್ತುಕೊಳ್ಳಬಾರದು. ಕೈಚೀಲದಲ್ಲಿ ಬಿಲ್ಲೆಯೊಂದು, ಭೂತಗನ್ನಡಿಯೊಂದು ಇತ್ತು. ಯಾಕೆ ತಂದಳೋ ಅವಳಿಗೇ ತಿಳಿಯದು.

ಅತ್ತಿಗೆಯ ಮನೆ ಬೋಳುಗುಡ್ಡದ ಬುಡದಲ್ಲಿ, ಅಗೆಯುವವರ ಸಾಲಿನ ಕೊನೆಯದು. ಕಟ್ಟಿದವರು ಖರ್ಚು ಉಳಿಸಲು ಹಿಂದಿನ ಗೋಡೆ ಕಟ್ಟದೆ ಗುಡ್ಡದ ಬಂಡೆಗೇ ಮನೆಯನ್ನು ಆನಿಸಿದ್ದರು. ಅಡುಗೆಮನೆಯ ಒಂದು ಗೋಡೆ ಬರೀ ಬಂಡೆ, ಮೇಲೆ ಸುಣ್ಣ ಬಳಿದದ್ದು. ಅತ್ತಿಗೆ ಅಲ್ಲಿ ಪಾತ್ರೆ ಒರೆಸುತ್ತಿದ್ದಳು. ಬಾ ಎಂದಳು, ಮಣೆ ತೋರಿಸಿದಳು, ಟೀಗೆ ನೀರಿಟ್ಟಳು.

ಬಿಲ್ಲೆಯಕ್ಕ ಹೇಳಿದಳು. ತುದಿಯಲ್ಲಿ ಕೊಯ್ದದ್ದು, ಕಲ್ಲು ಹಾಳಾಗದಿರಲೆಂದು ಕೊಯ್ದದ್ದು, ಬುಡದ ಕಡುನೀಲಿ, ಬೋಳುಗುಡ್ಡ, ಬಿದ್ದ ಬಂಡೆ. ಅತ್ತಿಗೆ ಪಾತ್ರೆ ಒರೆಸುವುದನ್ನು ನಿಲ್ಲಿಸಲಿಲ್ಲ. ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದಳು. ಟೀ ನೀರು ಕುದಿದು ಕುದಿದು ಇಂಗಿತು.

“ಎಷ್ಟು ದಿನ ಇದ್ದ ಅಂತ ಕಲ್ಲಲ್ಲಿ ಕಾಣುತ್ತಾ?” ಎಂದು ಕೇಳಿದಳು.

“ಅದೆಲ್ಲ ಕಾಣಲ್ಲ, ಅತ್ತಿಗೆ.”

“ಒಂಬತ್ತು ಅಲ್ವಾ?”

ಬಿಲ್ಲೆಯಕ್ಕ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಅತ್ತಿಗೆ ತಟ್ಟೆ ಕೆಳಗಿಟ್ಟಳು. ಬಂಡೆಯ ಗೋಡೆಯಲ್ಲಿ ಒಲೆಯ ಪಕ್ಕದ ಒಂದು ಜಾಗದ ಮೇಲೆ ಅಂಗೈ ಊರಿದಳು. ಬೇರೆಲ್ಲ ಕಡೆ ಇದ್ದ ಸುಣ್ಣ ಅಲ್ಲಿ ಮಾತ್ರ ಉದುರಿಹೋಗಿತ್ತು.

“ಇಲ್ಲಿ ಕೇಳಿಸ್ತಿತ್ತು,” ಎಂದಳು. “ಟಕ್ ಟಕ್ ಅಂತ. ಮೊದಲನೇ ದಿನ ಇಲಿ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು. ನಿನ್ ಹತ್ರ ಬಂದು ಹೇಳೋಣ ಅಂತ ಬಾಗಿಲ ತನಕ ಬಂದಿದ್ದೆ. ಅಷ್ಟ್ರಲ್ಲಿ ನೀನು ದೊಡ್ಡಗುಡ್ಡ ಅಂದಿದ್ದೆ. ನೀನು ಕಲ್ಲು ಓದೋಳು. ನಾನೇನು? ನನ್ ಕಿವೀನೇ ಸುಳ್ಳು ಅಂದ್ಕೊಂಡೆ. ಆದ್ರೂ ಅವ್ನು ಬಡಿದಾಗೆಲ್ಲ ನಾನೂ ಲಟ್ಟಣಿಗೆ ತಗೊಂಡು ಬಡೀತಿದ್ದೆ. ಬಡಿದ್ರೆ ನಿಲ್ಲಿಸ್ತಿದ್ದ, ಕೇಳಿಸ್ಕೊಂಡು ಮತ್ತೆ ಬಡೀತಿದ್ದ. ಎಂಟನೇ ದಿನ ನೀನು ಬಂದು ಒಂದೇ ಏಟಿಗೆ ಹೋಗಿದಾನೆ ಅಂದೆ. ಹೋದೋನಿಗೆ ಬಡೀತಾ ಕೂತಿದೀನಲ್ಲ, ತಲೆ ಕೆಟ್ಟಿದೆ ನಂಗೆ ಅಂತ ಲಟ್ಟಣಿಗೆ ಒಲೆಗೆ ಹಾಕ್ದೆ. ಒಂಬತ್ತನೇ ದಿನ ಪೂರ್ತಿ ಅವ್ನೊಬ್ನೇ ಬಡ್ದ.”

ಹೊರಗೆ ಯಾರೋ ಬಕೆಟ್ ಎತ್ತಿಕೊಂಡು ಹೋದ ಸದ್ದಾಯಿತು. ಇಬ್ಬರೂ ಬೆಚ್ಚಿದರು.

“ಹಾಗಾದ್ರೆ ನಂಗೆ ಹುಚ್ಚು ಹಿಡಿದಿರ್ಲಿಲ್ಲ,” ಎಂದಳು ಅತ್ತಿಗೆ. ಅವಳ ಮುಖದಲ್ಲಿ ಆಗ ಬಂದದ್ದು ನೆಮ್ಮದಿಯೇ. ಬಿಲ್ಲೆಯಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ತಪ್ಪಾಯಿತು ಎನ್ನಲು ಹೋದಳು. ಆ ಪದ ಎಷ್ಟು ಚಿಕ್ಕದೆಂದರೆ ಹೇಳಲು ಅವಳಿಗೆ ನಾಚಿಕೆಯಾಯಿತು.

ಅತ್ತಿಗೆ ಎದುರಿಗೆ ಬಂದು ಕೂತು, ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. ತಂದಿದ್ದೀಯ ಅಲ್ಲವೇ, ಕೊಡು ಎಂದಳು. ಬಿಲ್ಲೆಯಕ್ಕ ಚೀಲದಿಂದ ಬಿಲ್ಲೆ ತೆಗೆದು ಅವಳ ಅಂಗೈಯ ಮೇಲಿಟ್ಟು, ಭೂತಗನ್ನಡಿ ಕೊಟ್ಟಳು. ಅತ್ತಿಗೆ ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಗುಲಾಬಿಯನ್ನಾಗಲೀ ಹಸಿರನ್ನಾಗಲೀ ನೋಡಲಿಲ್ಲ.

“ಒಂಬತ್ತನೇದು ಯಾವ್ದು?” ಎಂದಳು. “ತೋರ್ಸು.”

ಬಿಲ್ಲೆಯಕ್ಕ ಸೂಜಿಯ ಮೊನೆಯಿಂದ ತೋರಿಸಿದಳು.